ಕವಡೆಯ ದ್ವೀಪದಲ್ಲಿ ನಾಲ್ಕು ರಾತ್ರಿ

ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಆಮೇಲೆ ಉಣ್ಣುವುದಕ್ಕಾಗಲಿ, ಕುಡಿಯುವುದಕ್ಕಾಗಲಿ, ಆಡುವುದಕ್ಕಾಗಲಿ, ಮಲಗುವುದಕ್ಕಾಗಲಿ ಜೇಬಿಗೆ ಕೈ ಹಾಕುವ ಕಾರಣವೇ ಇಲ್ಲ. ಇಂಥ ಏರ್ಪಾಡಿನ ವಿಶ್ರಾಂತಿಧಾಮಗಳು ಈಗ ಜಗತ್ತಿನ ಕಡಲದಂಡೆಗಳಲ್ಲೆಲ್ಲ ಎದ್ದಿವೆ. ‘ಆಲ್ ಇನ್‌ಕ್ಲೂಸಿವ್’, ಅರ್ಥಾತ್ ‘ಸರ್ವವೂ ಸೇರಿದ್ದು’, ಎಂದು ಅವುಗಳ ಹೆಸರು. ನಮ್ಮವರಿಗೆ ಈ ಕಲ್ಪನೆ ಹೊಸದಲ್ಲ. ಹಿಂದೆ ಮದುವೆಗೆ ಬಂದ ಬೀಗರನ್ನು ನಾವು ನಾಲ್ಕು ದಿನ ಹೀಗೆಯೇ ನೋಡಿಕೊಳ್ಳುತ್ತಿದ್ದೆವು. ವ್ಯತ್ಯಾಸವಿಷ್ಟೇ: ಬೀಗರು ಹಣ ಕೊಡುತ್ತಿರಲಿಲ್ಲ, ಸಿಟ್ಟು ಮಾತ್ರ ಮಾಡುತ್ತಿದ್ದರು.

ಇದನ್ನು ವ್ಯಾಪಾರವನ್ನಾಗಿ ಬೆಳೆಯಿಸಿದವರಲ್ಲಿ ಮೊದಲಿಗನೆಂದರೆ ಗೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಮ್ಮಿನ ಗೃಹಸ್ಥ, ವಾಟರ್ ಪೋಲೊ ಆಟಗಾರ. ಮಹಾಯುದ್ಧ ಮುಗಿದು ಯುರೋಪಿನ ಜನ ದಣಿದು ಕುಳಿತಿದ್ದ ಕಾಲ. 1950ರಲ್ಲಿ ಆತ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಅಲ್ಕೂದಿಯಾ ಎಂಬಲ್ಲಿ ಸೈನ್ಯದ ಹಳೆಯ ಡೇರೆಗಳನ್ನು ಹೊಡೆದು ‘ಕ್ಲಬ್ ಮೆಡಿಟರೇನಿ’ಯ ಮೊದಲ ಬಿಡಾರ ಹೂಡಿದ. ಮುಂದೆ ಅಲ್ಲಿ ನಾಣ್ಯದ ಬದಲು ಕೊರಳಿಗೆ ಮಣಿಸರ ಬಂತು. ಪಾನೀಯ ಬೇಕಾದವರು ಒಂದು ಮಣಿಯನ್ನು ಕಿತ್ತು ಕೊಡಬೇಕು. ಈ ಮಣಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಲಿ, ಮುಂದೆ ಬೇಕಾಗುತ್ತದೆ.

ಡೊಂಬಿವಲಿಯ ನಿವೃತ್ತ ಗುಮಾಸ್ತನಿಗೂ ಇಂಥ ಸ್ಥಳಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಕಾರಣ ಹೇಳಬೇಕು. ನನ್ನ ತಾಯಿ ಆರು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸೇವೆಯನ್ನೆಲ್ಲ ಮಾಡಿದವಳು ನನ್ನಾಕೆ. ಬೆನ್ನಿಗೆ ಹುಣ್ಣಾಗಬಾರದೆಂದು ರಾತ್ರಿ ಎರಡು ಗಂಟೆಗೆ ಎದ್ದು ಅವರನ್ನು ಮಗ್ಗುಲಿಗೆ ಹೊರಳಿಸುವುದು ಅವಳ ನೇಮವಾಗಿತ್ತು. ತಾಯಿ ತೀರಿಕೊಂಡು ವರ್ಷಾಂತಿಕವೂ ಮುಗಿಯಿತು. ಆದರೂ ಎರಡು ಗಂಟೆಗೆ ಅವಳಿಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಇದನ್ನು ಕಂಡ ಮಗಳು ನಮ್ಮನ್ನು ಕೇಳದೆಯೇ ಮಾಲ್ಡೀವ್ಸಿಗೆ ನಾಲ್ಕು ರಾತ್ರಿಯ ಟಿಕೇಟು ತೆಗೆದಳು. ಎಷ್ಟು ಹಣ ಎಂಬುದನ್ನು ಇಂದಿಗೂ ಹೇಳಿಲ್ಲ. “ನಮಗ ಇಷ್ಟೆಲ್ಲ ಯಾಕ ಬೇಕು?” ಎಂದು ನನ್ನಾಕೆ ಎಂಟು ದಿನ ಗೊಣಗಿದಳು. ಒಂಬತ್ತನೆಯ ದಿನ ಶೇಂಗಾ ಹಿಂಡಿ ಕುಟ್ಟಿದಳು. ಹೊರಡುವುದು ನಿಶ್ಚಯವಾಯಿತೆಂದು ನಾನು ತಿಳಿದೆ.

ಮುಂಬಯಿಯಿಂದ ಮಾಲೆಗೆ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಪುಣೆಗೆ ರೈಲಿನಲ್ಲಿ ಹೋದಷ್ಟೇ ಹೊತ್ತು. ಭಾರತೀಯರಿಗೆ ಅಲ್ಲಿ ಇಳಿದ ಮೇಲೆಯೇ ತೊಂಬತ್ತು ದಿನಗಳ ವೀಸಾ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಸುಂಕದ ಕಟ್ಟೆಯ ನಿಯಮಗಳು ಬಿಗಿ. ಮದ್ಯವನ್ನೂ ಪೂಜೆಯ ವಿಗ್ರಹಗಳನ್ನೂ ಒಳಗೆ ಒಯ್ಯುವಂತಿಲ್ಲ. ನನ್ನಾಕೆ ಕೈಚೀಲದಲ್ಲಿ ಸದಾ ಇರುವ ಪುಟ್ಟ ಗಣಪತಿಯನ್ನು ಮನೆಯ ಜಗಲಿಯ ಮೇಲೆಯೇ ಬಿಟ್ಟು, ನೆರೆಮನೆಯಾಕೆಗೆ ಹೂವಿನ ಜವಾಬುದಾರಿ ಒಪ್ಪಿಸಿ ಬಂದಳು. ಮುಸಲ್ಮಾನ ಧರ್ಮವೇ ರಾಜ್ಯಧರ್ಮವಾಗಿರುವ ದೇಶವದು. ಜನವಸತಿಯ ದ್ವೀಪಗಳಲ್ಲಿ ಮದ್ಯಕ್ಕೆ ನಿಷೇಧ, ವಿಶ್ರಾಂತಿಧಾಮದ ದ್ವೀಪಗಳಲ್ಲಿ ಮಾತ್ರ ಪರವಾನಗಿ. ಒಂದೇ ಕಡಲಿನಲ್ಲಿ ಎರಡು ಕಾನೂನು!

ವಿಮಾನ ಕೆಳಗಿಳಿಯುವಾಗ ಕಂಡ ನೋಟವನ್ನು ಬರೆಯದೆ ಇರಲಾರೆ. ಗಾಢನೀಲಿ ನೀರಿನಲ್ಲಿ ಯಾರೋ ಬಳೆಗಳನ್ನು ಚೆಲ್ಲಿದಂತೆ ಹಸುರು ಉಂಗುರಗಳು. ಉಂಗುರದೊಳಗೆ ತೆಳುನೀಲಿ, ಅಂಚಿನಲ್ಲಿ ಬಿಳಿಯ ಮರಳು. ಸುಮಾರು 1,190 ಹವಳದ ದ್ವೀಪಗಳು. ಅವುಗಳಲ್ಲಿ ಜನ ಊರು ಕಟ್ಟಿಕೊಂಡು ಇರುವುದು 190ರ ಆಸುಪಾಸಿನಲ್ಲಿ. ‘ಅಟಾಲ್’ ಎಂದು ಇಂಗ್ಲಿಷರು ಈ ಉಂಗುರಗಳಿಗೆ ಹೇಳುವ ಶಬ್ದವು ಇಲ್ಲಿಯ ದಿವೇಹಿ ಭಾಷೆಯಿಂದ ಎತ್ತಿಕೊಂಡದ್ದು. ಆ ಭಾಷೆ ಸಿಂಹಳಿಯ ತಂಗಿ. ಲಿಪಿ ಮಾತ್ರ ಬಲದಿಂದ ಎಡಕ್ಕೆ. ದೋಣಿಯವನು ಸಾಮಾನು ಎಣಿಸುವಾಗ ನನ್ನ ಕಿವಿಗೆ ಬಿದ್ದದ್ದು ನಮ್ಮ ಏಕ, ದ್ವಿ, ತ್ರಿಗಳ ದಾಯಾದಿಗಳೇ. ಇನ್ನೊಂದು ಮಾತು. ಈ ದ್ವೀಪಗಳೂ ನಮ್ಮ ಲಕ್ಷದ್ವೀಪಗಳೂ ಕಡಲಿನಡಿಯ ಒಂದೇ ಬೆಟ್ಟಸಾಲಿನ ಮೇಲೆ ಕುಳಿತಿವೆ. ಆ ಲಕ್ಷದ್ವೀಪಗಳಲ್ಲಿ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರರು ಅವುಗಳ ಒಡೆಯರು. ತೀರ ದಕ್ಷಿಣದ ಮಿನಿಕಾಯಿಯಲ್ಲಂತೂ ಇಂದಿಗೂ ಮನೆಮಾತು ಮಾಲ್ಡೀವಿನದೇ. ಆದುದರಿಂದ ಇದನ್ನು ದೂರದ ಪರದೇಶವೆಂದು ಭಾವಿಸಬೇಕಾದುದಿಲ್ಲ.

ಇಲ್ಲಿಯ ಪದ್ಧತಿಯೆಂದರೆ ಒಂದು ದ್ವೀಪಕ್ಕೆ ಒಂದೇ ವಿಶ್ರಾಂತಿಧಾಮ. 1972ರಲ್ಲಿ ಮಾಲೆಯ ಹತ್ತಿರ ಮೊದಲನೆಯದು ತೆರೆಯಿತು, ಮೂವತ್ತು ಕೋಣೆ. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು. ‘ಕುರುಂಬಾ’ ಎಂದು ಹೆಸರು. ಎಳನೀರು ಎಂದು ಅರ್ಥ. 2024ರಲ್ಲಿ ಈ ದೇಶಕ್ಕೆ ಬಂದ ಪ್ರವಾಸಿಗರು 20 ಲಕ್ಷ ದಾಟಿದರು. ದೇಶದ ಸ್ವಂತ ಜನಸಂಖ್ಯೆ ಐದಾರು ಲಕ್ಷ. ಬೀಗರು ಹೆಚ್ಚೋ ಮನೆಯವರು ಹೆಚ್ಚೋ ನೀವೇ ನೋಡಿ.

ನಮ್ಮ ದ್ವೀಪಕ್ಕೆ ಮಾಲೆಯಿಂದ ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆ. ದಕ್ಕೆಯ ಮೇಲೆ ನಾಲ್ವರು ಡೋಲು ಬಾರಿಸಿ ಸ್ವಾಗತಿಸಿದರು, ತಣ್ಣನೆಯ ಒದ್ದೆ ಪಂಚೆಯ ತುಂಡು ಕೊಟ್ಟರು, ಮುಂಗೈಗೆ ಒಂದು ಪಟ್ಟಿ ಕಟ್ಟಿದರು. ಪಟ್ಟಿ ಇದ್ದವರಿಗೆಲ್ಲ ಸರ್ವವೂ ಸೇರಿದೆ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಡಲು ಹೇಳಿದರು. ಮಾಲೆಯ ವೇಳೆ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಸಂಜೆಯ ಬಿಸಿಲು ಹೆಚ್ಚು ಹೊತ್ತು ಸಿಗಲೆಂದು ಕೆಲವು ವಿಶ್ರಾಂತಿಧಾಮಗಳು ತಮ್ಮದೇ ವೇಳೆಯನ್ನು ಇಟ್ಟುಕೊಂಡಿವೆ. ಸೂರ್ಯನೂ ಒಪ್ಪಂದದೊಳಗೆ ಸೇರಿದವನೇ ಎಂದಾಯಿತು.

ಮೊದಲ ದಿನ ನನ್ನಾಕೆ ಪಟ್ಟ ಪಾಡು ಹೇಳತೀರದು. ನಮ್ಮ ಕುಟೀರದ ಮುಂದೆ ಹತ್ತು ಹೆಜ್ಜೆಗೆ ಸಮುದ್ರ. ಒಳಗೆ ಮಂಚ, ಅದರ ಮೇಲೆ ಚಾದರವನ್ನೇ ಮಡಿಚಿ ಮಾಡಿದ ಎರಡು ಹಂಸ. ಅವಳು ಹಂಸಗಳನ್ನು ಬಿಚ್ಚಿ ಚೊಕ್ಕಟವಾಗಿ ಮಡಿಚಿಟ್ಟಳು. ಬೆಳಿಗ್ಗೆ ಕೋಣೆಯ ಹುಡುಗ ಬರುವ ಮೊದಲೇ ಹಾಸಿಗೆ ಸರಿಪಡಿಸಿ, ಬಚ್ಚಲು ತೊಳೆದು, ನಮ್ಮ ಬಟ್ಟೆಗಳನ್ನು ಒಗೆದು ಜಗಲಿಯ ಕಟಕಟೆಗೆ ಹಾಕಿಬಿಟ್ಟಳು. ಬಾಂಗ್ಲಾದೇಶದ ಆ ಹುಡುಗ ಬಂದು ನೋಡಿ ಗಾಬರಿಯಾದ. ತನ್ನ ಕೆಲಸದಲ್ಲಿ ಏನು ತಪ್ಪಾಯಿತೆಂದು ನನ್ನನ್ನು ಹಿಂದಿಯಲ್ಲಿ ಕೇಳಿದ. ಏನೂ ಇಲ್ಲವೆಂದು ಹೇಳಲು ಹತ್ತು ನಿಮಿಷ ಹಿಡಿಯಿತು.

ಊಟದ ಮನೆಯ ವಿಷಯ. ಒಂದೊಂದು ಹೊತ್ತಿಗೆ ಅರವತ್ತು ಪದಾರ್ಥವಾದರೂ ಇದ್ದವು. ಜಪಾನಿನ ಹಸಿ ಮೀನಿನಿಂದ ಇಟಲಿಯ ಹಿಟ್ಟಿನ ತನಕ ನೋಡುತ್ತ ಹೋದರೆ ಒಂದು ಪ್ರದಕ್ಷಿಣೆ. ಶಾಕಾಹಾರಿಗಳು ಹೆದರಬೇಕಾಗಿಲ್ಲ, ಭಾರತದ ಮೂಲೆಯೊಂದು ಇದ್ದೇ ಇರುತ್ತದೆ. ಮಾಲ್ಡೀವಿನವರ ಬೆಳಗಿನ ಉಪಾಹಾರವಾದ ಮಸ್‌ಹುನಿ ಎಂಬುದು ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿಗಳ ಕೋಸಂಬರಿಯಂಥದು. ಅದಕ್ಕೆ ಟ್ಯೂನಾ ಮೀನು ಹಾಕುತ್ತಾರೆ. ಕೇಳಿದರೆ ಮೀನಿನ ಬದಲು ಕುಂಬಳಕಾಯಿ ಹಾಕಿ ಕೊಡುತ್ತಾರೆ. ‘ರೋಶಿ’ ಎಂಬ ತೆಳು ರೊಟ್ಟಿಯ ಜೊತೆ ಬಹಳ ರುಚಿ. ಆದರೆ ಮೇಜುಗಳ ಮೇಲೆ ಜನ ಬಿಟ್ಟೆದ್ದು ಹೋಗುವ ತಟ್ಟೆಗಳನ್ನು ನೋಡಲಾಗುತ್ತಿರಲಿಲ್ಲ. ಬೆಲೆ ಕಾಣದ ವಸ್ತುವಿನ ಮೇಲೆ ಮನುಷ್ಯನಿಗೆ ದಯೆ ಕಡಿಮೆ.

ಎರಡನೆಯ ಬೆಳಿಗ್ಗೆ ದೋಸೆ ಹಾಕುವ ಕಟ್ಟೆಯ ಮುಂದೆ ನನ್ನಾಕೆ ನನಗೆ ಮೆಲ್ಲಗೆ, “ಹಿಟ್ಟಿಗೆ ಉಪ್ಪು ಕಡಿಮಿ ಆಗೈತಿ” ಎಂದಳು. ಕಾವಲಿಯ ಹಿಂದಿನಿಂದ, “ಹ್ವಾಯ್, ನೀವ್ ಕನ್ನಡದವ್ರಾ?” ಎಂದು ಉತ್ತರ ಬಂತು! ಕುಂದಾಪುರದ ಕಡೆಯ ಹುಡುಗ, ಮೂವತ್ತರೊಳಗಿನವನು. ಅವನ ಸೋದರಮಾವ ಹಿಂದೆ ಮುಂಬಯಿಯಲ್ಲಿ ಉಡುಪಿ ಹೊಟೇಲೊಂದರಲ್ಲಿ ಕೆಲಸಕ್ಕಿದ್ದವರಂತೆ. ಆಮೇಲಿನ ದಿನಗಳಲ್ಲಿ ನಮಗೆ ಉಪ್ಪು ಸರಿಯಾಗಿಯೇ ಬಿತ್ತು.

ಅಂದು ಮಧ್ಯಾಹ್ನ ನನ್ನಾಕೆಗೆ ಒಂದು ಪ್ರಶ್ನೆ ಹುಟ್ಟಿತು. ಸಂಸಾರ ಮಾಡಿದ ಹೆಂಗಸಿಗಲ್ಲದೆ ಇನ್ನಾರಿಗೂ ಹುಟ್ಟುವ ಪ್ರಶ್ನೆಯಲ್ಲ. “ಇಷ್ಟು ಮಂದಿ ಚಾದರ, ಟಾವೆಲ್ ದಿನಾ ಬದಲು ಮಾಡ್ತಾರ. ಎಲ್ಲಿ ಒಗೀತಾರ, ಎಲ್ಲಿ ಒಣಗಸ್ತಾರ? ಒಂದು ಹಗ್ಗಾನೂ ಕಾಣವಲ್ದು.” ನಿಜವೇ. ದ್ವೀಪವನ್ನು ಸುತ್ತಲು ಇಪ್ಪತ್ತು ನಿಮಿಷ ಸಾಕು. ಎಲ್ಲಿಯೂ ಹೊಗೆಯಿಲ್ಲ, ಸದ್ದಿಲ್ಲ, ಕಸದ ಡಬ್ಬಿಯಿಲ್ಲ. ಸ್ವಾಗತದ ಮೇಜಿನಲ್ಲಿ ಕೇಳಿದಾಗ, ಆಸಕ್ತರಿಗೆ ವಾರಕ್ಕೊಮ್ಮೆ ಹಿಂಭಾಗವನ್ನು ತೋರಿಸುವ ಪದ್ಧತಿಯಿದೆಯೆಂದೂ ಮರುದಿನವೇ ಆ ದಿನವೆಂದೂ ಹೇಳಿದರು. ಹೆಸರು ಕೊಟ್ಟವರು ನಾವಿಬ್ಬರು ಮತ್ತು ಒಬ್ಬ ಜರ್ಮನ್ ಮುದುಕ.

ದ್ವೀಪದ ನಟ್ಟನಡುವೆ, ದಟ್ಟವಾದ ಗಿಡಗಳ ಬೇಲಿಯಾಚೆ, ಇನ್ನೊಂದು ಊರೇ ಇತ್ತು. ಮೊದಲು ಡೀಸೆಲ್ ಯಂತ್ರಗಳ ಮನೆ. ಹೊರಗಿನಿಂದ ಇಲ್ಲಿಗೆ ವಿದ್ಯುತ್ತಿನ ತಂತಿ ಬರುವುದಿಲ್ಲ. ಒಂದೊಂದು ದ್ವೀಪವೂ ತನ್ನ ಬೆಳಕನ್ನು ತಾನೇ ಹೊತ್ತಿಸಿಕೊಳ್ಳಬೇಕು. ಛಾವಣಿಯ ಮೇಲೆ ಸೌರಫಲಕಗಳಿದ್ದರೂ ಮುಖ್ಯ ಭಾರ ಡೀಸೆಲ್ಲಿನ ಮೇಲೆ. ಅದರ ಪಕ್ಕದಲ್ಲಿ ನೀರಿನ ಮನೆ. ಸಮುದ್ರದ ನೀರನ್ನು ಬಲವಾದ ಒತ್ತಡದಿಂದ ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ ಉಪ್ಪನ್ನು ಬೇರ್ಪಡಿಸುತ್ತಾರೆ. ಸಾವಿರ ಲೀಟರ್ ಸಿಹಿನೀರಿಗೆ ಸುಮಾರು 3-4 ಯೂನಿಟ್ ವಿದ್ಯುತ್ತು ಬೇಕು. ಅಂದರೆ ಬಚ್ಚಲಲ್ಲಿ ನಾವು ಸುರಿಸುವ ನೀರೆಲ್ಲ ಒಂದು ಲೆಕ್ಕದಲ್ಲಿ ಡೀಸೆಲ್ಲೇ. ಗದುಗಿನಲ್ಲಿ ನಳ ಬಂದ ದಿನವನ್ನು ಹಬ್ಬವೆಂದು ಕಂಡವಳು ನನ್ನಾಕೆ. ಅಂದಿನಿಂದ ಬಚ್ಚಲಿನ ನಳವನ್ನು ಅರ್ಧವೇ ತಿರುಗಿಸತೊಡಗಿದಳು. 2014ರ ಡಿಸೆಂಬರಿನಲ್ಲಿ ಮಾಲೆ ಪಟ್ಟಣದ ಇಂಥ ನೀರಿನ ಕಾರಖಾನೆಗೆ ಬೆಂಕಿ ತಗುಲಿ ಇಡೀ ರಾಜಧಾನಿಗೆ ಕುಡಿಯಲು ಹನಿ ನೀರಿಲ್ಲದಂತಾಯಿತು. ಆಗ ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ನೀರು ಕಳಿಸಿದ್ದು ನಮ್ಮ ದೇಶ.

ಉಗ್ರಾಣದಲ್ಲಿ ಈರುಳ್ಳಿಯ ಚೀಲಗಳ ಮೇಲೆ ನಾಗರಿ ಅಕ್ಷರ ಕಂಡು ಮನಸ್ಸು ಅರಳಿತು. ಈ ಮರಳಿನಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. 1981ರ ಒಪ್ಪಂದವೊಂದರಂತೆ ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಬಟಾಟೆ, ಮೊಟ್ಟೆ ಮೊದಲಾದವುಗಳನ್ನು ಭಾರತವು ಮಾಲ್ಡೀವ್ಸಿಗೆ ಗೊತ್ತಾದ ಪ್ರಮಾಣದಲ್ಲಿ ಕಳಿಸುತ್ತದೆ. ನಮ್ಮಲ್ಲಿ ಈರುಳ್ಳಿಯ ರಫ್ತು ನಿಂತಿದ್ದ 2024ರಲ್ಲಿಯೂ ಇವರ ಪಾಲನ್ನು ಬಿಟ್ಟುಕೊಟ್ಟರು. ಇನ್ನು ಕಸ. ಗಾಜನ್ನು ಪುಡಿಮಾಡುತ್ತಾರೆ, ಸುಡುವುದನ್ನು ಸುಟ್ಟು, ಉಳಿದುದನ್ನು ದೋಣಿಯಲ್ಲಿ ಹೇರಿ ಮಾಲೆಯ ಪಶ್ಚಿಮಕ್ಕಿರುವ ತಿಲಫುಶಿಗೆ ಕಳಿಸುತ್ತಾರೆ. 1990ರ ದಶಕದ ಆರಂಭದಿಂದ ಕಸವನ್ನೇ ತುಂಬುತ್ತ ಬಂದು, ನೀರಿದ್ದ ಕಡೆ ಎದ್ದು ನಿಂತ ದ್ವೀಪ ಅದು. ಯಾವ ಚಿತ್ರಪತ್ರದಲ್ಲಿಯೂ ಅದನ್ನು ಕಾಣಲಾರಿರಿ.

ಕೊನೆಗೆ ಅಗಸರ ಮನೆ. ಆನೆಯ ಹೊಟ್ಟೆಯಂಥ ಯಂತ್ರಗಳು, ಹಬೆ, ಬಿಸಿ. ಆರು ಮಂದಿ ಹುಡುಗರು ಚಾದರಗಳನ್ನು ಇಬ್ಬಿಬ್ಬರಾಗಿ ಹಿಡಿದು ಜಗ್ಗಿ ಮಡಿಸುತ್ತಿದ್ದರು. ನನ್ನಾಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಬ್ಬನ ಕೈಯಿಂದ ತುದಿ ತೆಗೆದುಕೊಂಡು, ಎದುರಿನವನ ಜೊತೆ ಒಂದು ಚಾದರ ಮಡಿಸಿಯೇಬಿಟ್ಟಳು. ಅವರೆಲ್ಲ ನಕ್ಕರು. ತೋರಿಸಲು ಬಂದ ಅಧಿಕಾರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಹೇಳಿದ ಪ್ರಕಾರ ಆ ದ್ವೀಪದಲ್ಲಿ ಕುಟೀರಗಳು 120, ಕೆಲಸಗಾರರು ಮುನ್ನೂರಕ್ಕೂ ಮೇಲೆ. ಮಾಲ್ಡೀವಿನವರು, ನಮ್ಮವರು, ಬಾಂಗ್ಲಾದೇಶದವರು, ಸಿಂಹಳದವರು. ಈ ಮುನ್ನೂರು ಜನ ಅಷ್ಟು ಚಿಕ್ಕ ದ್ವೀಪದಲ್ಲಿ ಇದ್ದಾರೆಂಬುದು ಮೂರನೆಯ ದಿನದವರೆಗೆ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಐಷಾರಾಮವೆಂದು ಹಣ ತೆಗೆದುಕೊಳ್ಳುವುದು ಬಹುಶಃ ಇದಕ್ಕೇ. ಸಮುದ್ರ ಕಾರವಾರದಲ್ಲಿಯೂ ಚೆಲುವಾಗಿಯೇ ಇದೆ. ಅಲ್ಲಿ ಬಲೆ ಎಳೆಯುವವರೂ ಮೀನು ಒಣಗಿಸುವವರೂ ಕಾಣುತ್ತಾರೆ, ಅಷ್ಟೇ.

ಕುಂದಾಪುರದ ಹುಡುಗನನ್ನು ಅಂದು ಸಂಜೆ ಅವನ ಬಿಡುವಿನಲ್ಲಿ ಕಂಡೆವು. ಹನ್ನೊಂದು ತಿಂಗಳು ಕೆಲಸ, ಒಂದು ತಿಂಗಳು ಊರು. ಸಂಬಳ ಡಾಲರಿನಲ್ಲಿ, ಅತಿಥಿಗಳ ಬಿಲ್ಲಿನ ಮೇಲೆ ಹಾಕುವ ಶೇಕಡಾ 10ರ ಸೇವಾಶುಲ್ಕದಲ್ಲಿ ಪಾಲು ಬೇರೆ. ಊರಿನಲ್ಲಿ ತಾರಸಿಯ ಮನೆ ಕಟ್ಟಿಸಿದ್ದಾನೆ. ಮಗಳು ಹುಟ್ಟಿ ಏಳು ತಿಂಗಳಾಯಿತು, ನೋಡಿದ್ದು ಫೋನಿನಲ್ಲಿ. “ಬೇಜಾರೆಂತದ್ದೂ ಇಲ್ಲೆ” ಎಂದ. ಸ್ವಲ್ಪ ತಡೆದು, “ಮಳಿ ಬಂದ್ರ್ ಮಾತ್ರ ಊರ್ ನೆನಪಾತ್ತ್” ಎಂದ. ನನಗೆ ಮುಂಬಯಿಯ ಹಳೆಯ ಹೊಟೇಲಿನ ಹುಡುಗರ ನೆನಪಾಯಿತು. ಅವರಿಗೂ ದುಡಿತ ಕಡಿಮೆಯಿರಲಿಲ್ಲ. ಆದರೆ ರಾತ್ರಿಯಾದರೆ ಕನ್ನಡದ ರಾತ್ರಿಶಾಲೆಗಳಿದ್ದವು, ಯಕ್ಷಗಾನವಿತ್ತು, ಸಂಘವಿತ್ತು, ರಾತ್ರಿಶಾಲೆಯಲ್ಲಿ ಓದಿ ವಕೀಲರಾದವರೂ ಇದ್ದರು. ಇಲ್ಲಿ ಕೆಲಸ ಮುಗಿದ ಮೇಲೆ ಬೇಲಿಯಾಚೆಯ ಇಪ್ಪತ್ತು ಗುಂಟೆ ಜಾಗ. ಅತಿಥಿಗಳ ದಂಡೆಯ ಮೇಲೆ ಕೂಡುವಂತಿಲ್ಲ. ಸಂಬಳ ಮಾತ್ರ ಇದು ಹೆಚ್ಚು, ಅದನ್ನೂ ಹೇಳಬೇಕು. ನನ್ನಾಕೆ ಶೇಂಗಾ ಹಿಂಡಿಯನ್ನೂ ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿಯನ್ನೂ ತಂದು ಅವನ ಕೈಗಿಟ್ಟಳು. ಅರವತ್ತು ಪದಾರ್ಥಗಳಲ್ಲಿ ಅದೊಂದು ಸೇರಿರಲಿಲ್ಲ.

ಮೂರನೆಯ ದಿನವೇ ಅವಳು ನೀರಿಗೆ ಇಳಿದದ್ದೂ ಕೂಡ. ಅರವತ್ತಮೂರು ವರ್ಷಗಳಲ್ಲಿ ಮೊಣಕಾಲಿಗಿಂತ ಮೇಲೆ ಸಮುದ್ರವನ್ನು ಕಂಡವಳಲ್ಲ. ಮಗಳು ಕೊಡಿಸಿದ ತುಂಬುತೋಳಿನ ಉಡುಪು, ಮೇಲೆ ತೇಲುವ ಅಂಗಿ, ಮೋರೆಗೆ ಕನ್ನಡಿ, ಬಾಯಿಗೆ ಕೊಳವೆ. ಈಜು ಕಲಿಸುವ ಫಿಲಿಪ್ಪೀನ್ಸಿನ ಹುಡುಗಿ ಅವಳ ಕೈ ಹಿಡಿದಿದ್ದಳು. ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿದವಳು ಏಳಲೇ ಇಲ್ಲ. ನನಗೆ ಜೀವ ಹಾರಿತು. ಆಮೇಲೆ ತಲೆಯೆತ್ತಿ, ಕೊಳವೆ ತೆಗೆದು, ದಂಡೆಯ ಮೇಲಿದ್ದ ನನಗೆ ಕೇಳುವಂತೆ ಕೂಗಿದಳು: “ಒಳಗ ಒಂದು ಸಂತಿ ನೆರದೈತ್ರೀ!”

ಸಂತೆಯೇ ಸರಿ. ಪಟ್ಟೆಪಟ್ಟೆಯವು, ಚುಕ್ಕೆಯವು, ಅರಿಷಿಣದ ಬಣ್ಣದವು, ಮಯೂರ ವರ್ಣದ ಗಿಳಿಮೀನುಗಳು. ಈ ಗಿಳಿಮೀನಿನ ಮಹಿಮೆ ಕೇಳಿರಿ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಇದು ಹವಳದ ಬಂಡೆಯನ್ನು ಕೆರೆದು ತಿಂದು, ಪಾಚಿಯನ್ನು ಅರಗಿಸಿಕೊಂಡು, ಸುಣ್ಣವನ್ನು ಬಿಳಿಯ ಪುಡಿಯಾಗಿ ವಿಸರ್ಜಿಸುತ್ತದೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳನ್ನು ಹೀಗೆ ಮಾಡುತ್ತದೆಯಂತೆ. ಚಿತ್ರಗಳಲ್ಲಿ ನೋಡಿ ಜನ ಮರುಳಾಗುವ ಆ ಹಾಲುಬಿಳಿ ದಂಡೆಯ ಬಹುಭಾಗ ಈ ಮೀನಿನ ಪ್ರಸಾದ. ಆದರೆ ಬಂಡೆಯ ದೊಡ್ಡ ಭಾಗಗಳು ಎಲುಬಿನಂತೆ ಬೂದುಬಣ್ಣಕ್ಕೆ ತಿರುಗಿದ್ದವು. 1998ರಲ್ಲಿಯೂ 2016ರಲ್ಲಿಯೂ ಕಡಲು ಅತಿಯಾಗಿ ಕಾಯ್ದು ಇಲ್ಲಿಯ ಹವಳಗಳು ಬೆಳ್ಳಗಾಗಿ ರಾಶಿರಾಶಿಯಾಗಿ ಸತ್ತವು. ಹವಳವಿಲ್ಲದೆ ಮರಳಿಲ್ಲ, ಮರಳಿಲ್ಲದೆ ದ್ವೀಪವಿಲ್ಲ. ದೇಶದ ನೆಲದ ಬಹುಭಾಗ ಕಡಲಮಟ್ಟಕ್ಕಿಂತ ಒಂದು ಮೀಟರೂ ಎತ್ತರವಿಲ್ಲ. 2009ರ ಅಕ್ಟೋಬರಿನಲ್ಲಿ ಅಂದಿನ ಅಧ್ಯಕ್ಷ ಮೊಹಮ್ಮದ್ ನಶೀದರು ಮಂತ್ರಿಮಂಡಲದ ಸಭೆಯನ್ನೇ ನೀರಿನಡಿ ನಡೆಸಿದ್ದು ಇದನ್ನು ಲೋಕಕ್ಕೆ ಸಾರುವುದಕ್ಕಾಗಿ.

ಆ ರಾತ್ರಿಯೂ ಅವಳಿಗೆ ಎರಡಕ್ಕೆ ಎಚ್ಚರವಾಯಿತು. ಜಗಲಿಯಲ್ಲಿ ಕುಳಿತು ತೆರೆಯ ಸದ್ದು ಕೇಳುತ್ತಿದ್ದಳು. ನಾನೂ ಹೋಗಿ ಕುಳಿತೆ. “ಅತ್ತಿಯವರಿಗೆ ಸಮುದ್ರ ತೋರಸಬೇಕಿತ್ತು” ಎಂದಳು. ಮುಂಬಯಿಯಲ್ಲಿ ಮೂವತ್ತು ವರ್ಷ ಇದ್ದೂ ನನ್ನ ತಾಯಿ ಚೌಪಾಟಿಯನ್ನು ನೋಡಿದ್ದು ಎರಡೇ ಸಲ. ನಾಲ್ಕನೆಯ ರಾತ್ರಿ ನನಗೇ ಎರಡಕ್ಕೆ ಎಚ್ಚರವಾಯಿತು. ಅವಳು ಮಲಗಿಯೇ ಇದ್ದಳು. ಬೆಳಿಗ್ಗೆ ಎಂಟಾಯಿತು, ಉಪಾಹಾರದ ಹೊತ್ತು ಮೀರುತ್ತ ಬಂತು, ನಾನು ಎಬ್ಬಿಸಲಿಲ್ಲ.

ಹಾಗೆಂದು ಕವಡೆಯ ವಿಷಯ ಬಿಡುವಂತಿಲ್ಲ. ಹಣದ ಬದಲು ಮಣಿ ಕೊಡುವ ಉಪಾಯ ಯುರೋಪಿನವರಿಗೆ ಹೊಸದಾದರೂ ಈ ದ್ವೀಪಗಳು ಅದಕ್ಕಿಂತ ನೂರಾರು ವರ್ಷ ಮೊದಲೇ ಜಗತ್ತಿಗೆ ಚಿಲ್ಲರೆ ನಾಣ್ಯ ಒದಗಿಸಿದವು. ನಾವು ಚೌಕಾಬಾರಕ್ಕೆ ಉಪಯೋಗಿಸುವ ಚಿಕ್ಕ ಹಳದಿ ಕವಡೆ ಇಲ್ಲಿಯ ಆಳವಿಲ್ಲದ ನೀರಿನಲ್ಲಿ ಹೇರಳ. ಅದನ್ನು ಹಡಗುಗಟ್ಟಲೆ ಬಂಗಾಲಕ್ಕೆ ಒಯ್ದು ಅಕ್ಕಿ ತರುತ್ತಿದ್ದರು. ಬಂಗಾಲದ ಪೇಟೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಕವಡೆ ನಾಣ್ಯವಾಗಿ ನಡೆಯಿತು. ನಮ್ಮ ಹೊನ್ನಾವರವನ್ನು ನೋಡಿ ಬರೆದಿಟ್ಟ ಇಬ್ನ ಬತೂತ 1343ರ ಹೊತ್ತಿಗೆ ಇಲ್ಲಿಗೂ ಬಂದು, ಕಾಜಿಯಾಗಿ, ಇಲ್ಲಿಯೇ ಮದುವೆಗಳನ್ನೂ ಮಾಡಿಕೊಂಡು, ಈ ಕವಡೆಯ ವ್ಯಾಪಾರವನ್ನು ವಿವರವಾಗಿ ಬರೆದಿದ್ದಾನೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಬೈಯುವಾಗ ಎಣಿಸುವುದು ಇವರ ಟಂಕಸಾಲೆಯ ಹಣವನ್ನೇ.

ನನ್ನಾಕೆಯ ತವರಿನ ಐದು ಕವಡೆಗಳಲ್ಲಿ ಒಂದು ಎಲ್ಲಿಯೋ ಕಳೆದಿತ್ತು. ಹೊರಡುವ ದಿನ ದಂಡೆಯಲ್ಲಿ ಅದೇ ಅಳತೆಯ ಒಂದು ಸಿಕ್ಕಿತು. ಅಂಗೈಯಲ್ಲಿಟ್ಟು ನೋಡುತ್ತಿದ್ದಂತೆ ಪಕ್ಕದಲ್ಲಿ ಒಂದು ಸನ್ಯಾಸಿ ಏಡಿ ಇನ್ನೊಂದು ಶಂಖವನ್ನು ಹೊತ್ತು ಹೋಗುತ್ತಿತ್ತು. ಬಿದ್ದ ಚಿಪ್ಪುಗಳೇ ಅವಕ್ಕೆ ಮನೆ. ಒಯ್ಯಬಾರದೆಂದು ಕೋಣೆಯ ಫಲಕದಲ್ಲಿ ಬರೆದಿದ್ದರು. ಅವಳು ಕವಡೆಯನ್ನು ಮರಳಿನ ಮೇಲೆ ಕೆಳಮುಖವಾಗಿ ಇಟ್ಟಳು. ಚೌಕಾಬಾರ ಈಗಲೂ ನಾಲ್ಕು ಕವಡೆ ಮತ್ತು ಒಂದು ಹುಣಿಸೆಬೀಜದಿಂದಲೇ ನಡೆದಿದೆ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಒಣ ಹವೆ. ಬೆಲೆಯೂ ಆಗಲೇ ಹೆಚ್ಚು. ‘ಸರ್ವವೂ ಸೇರಿದೆ’ ಎಂಬ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನು ಸೇರಿಲ್ಲವೆಂದು ಓದಿಕೊಳ್ಳಿರಿ. ದೋಣಿಯ ಬಾಡಿಗೆ, ಹೊರಸಂಚಾರ, ತೈಲಮರ್ದನ ಇವೆಲ್ಲ ಕೆಲವು ಕಡೆ ಬೇರೆ. ದೊಡ್ಡ ವಿಶ್ರಾಂತಿಧಾಮಗಳಲ್ಲಿ 2025ರ ಜನವರಿಯಿಂದ ಹಸುರು ತೆರಿಗೆ ತಲೆಗೆ ದಿನಕ್ಕೆ 12 ಡಾಲರ್. ಇಬ್ಬರಿಗೆ ನಾಲ್ಕು ದಿನಕ್ಕೆ 96 ಡಾಲರ್ ಆಯಿತು. ಕೈ ಬಿಗಿಯಿದ್ದವರು ಜನವಸತಿಯ ದ್ವೀಪಗಳಲ್ಲಿರುವ ಅತಿಥಿಗೃಹಗಳಿಗೆ ಹೋಗಬಹುದು. ಅಲ್ಲಿ ಊರಿನವರ ಮಧ್ಯೆ ಇದ್ದು ಅದೇ ಸಮುದ್ರವನ್ನು ನೋಡಬಹುದು. ಸಣ್ಣ ನೋಟಿನ ಡಾಲರುಗಳು ಜೊತೆಗಿರಲಿ, ಕೋಣೆಯ ಹುಡುಗರಿಗೆ ಕೊಡಲಿಕ್ಕೆ. ಉಪ್ಪಿನಕಾಯಿಯ ಡಬ್ಬಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಡಿ. ಡಬ್ಬಿ ಎರಡಿದ್ದರೆ ಒಳ್ಳೆಯದು.